ಗಂಗರತ್ನಳ ಪಡಿಯುಸಿರು

ಗಂಗರತ್ನಳಿಗೆ ಎರಡು ಜೊತೆ ಶ್ವಾಸಕೋಶಗಳಿದ್ದವು. ಒಂದು ಜೊತೆ ಎಲ್ಲರಂತೆ ಎದೆಗೂಡಿನೊಳಗೆ. ಇನ್ನೊಂದು ಅವಳ ಊರಾದ ಸೊಣ್ಣೇಕುಂಟೆಯಿಂದ ಐವತ್ತು ಕಿಲೋಮೀಟರ್ ಆಚೆ, ಪಾಲಾರ್ ಉಸಿರಾಟ ಕೇಂದ್ರದ ಎರಡನೇ ಮಹಡಿಯ ಕಂಪ್ಯೂಟರಿನೊಳಗೆ. ತೊಂದರೆ ಏನೆಂದರೆ, ಕಂಪ್ಯೂಟರಿನೊಳಗಿನ ಜೊತೆ ಬಲು ಚೆನ್ನಾಗಿ ಉಸಿರಾಡುತ್ತಿತ್ತು.

ಕೇಂದ್ರದವರು ಅದನ್ನು ಪಡಿಯುಸಿರು ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ರೋಗಿಯ ಎದೆಯ ಸ್ಕ್ಯಾನ್, ರಕ್ತ, ಕಫ, ಊದಿಸಿ ಅಳೆದ ಉಸಿರಿನ ರಭಸ ಎಲ್ಲವನ್ನೂ ಸೇರಿಸಿ ಆ ಒಬ್ಬ ಮನುಷ್ಯನದೇ ಶ್ವಾಸನಾಳಗಳ ಒಂದು ನಕಲು ಪ್ರತಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದರು. ರೋಗಿ ಮನೆಗೆ ಹೋದ ಮೇಲೂ ಪ್ರತಿ ಅಲ್ಲೇ ಉಳಿಯುತ್ತಿತ್ತು. ಎದೆಗೆ ಅಂಟಿಸಿದ ಎರಡು ಬೆರಳಗಲದ ಪಟ್ಟಿ ರೋಗಿಯ ಉಸಿರಿನ ಸದ್ದನ್ನು ಕಳಿಸುತ್ತಿತ್ತು. ಮನೆಯ ಗೋಡೆಗೆ ಸಿಕ್ಕಿಸಿದ ಪುಟ್ಟ ಡಬ್ಬಿ ಅಲ್ಲಿನ ಗಾಳಿಯ ವರದಿ ಕಳಿಸುತ್ತಿತ್ತು. ಎಷ್ಟು ಸಲ ಒತ್ತಿದರೆಂದು ಇನ್‌ಹೇಲರ್ ತಾನೇ ಹೇಳುತ್ತಿತ್ತು. ಪಡಿಯುಸಿರು ಅದೇ ಗಾಳಿಯನ್ನು ಎಳೆದುಕೊಂಡು, ಅದೇ ಔಷಧಿ ತೆಗೆದುಕೊಂಡು, ಮುಂದೇನಾಗುತ್ತದೆ ಎಂಬುದನ್ನು ಮೊದಲೇ ತೋರಿಸುತ್ತಿತ್ತು. ಕಳೆದ ಎರಡು ವರ್ಷದಲ್ಲೇ ಮುನ್ನೂರಕ್ಕೂ ಹೆಚ್ಚು ಮಂದಿ ತೀವ್ರ ಆಸ್ತಮಾದವರನ್ನು ಅದು ತುರ್ತು ಘಟಕದ ಬಾಗಿಲು ತುಳಿಯದಂತೆ ಕಾಪಾಡಿತ್ತು. ಹಾಗಾಗಿ ಅದರ ಮಾತನ್ನು ಅನುಮಾನಿಸುವ ಅಭ್ಯಾಸ ಕೇಂದ್ರದಲ್ಲಿ ಯಾರಿಗೂ ಇರಲಿಲ್ಲ.

ಪ್ರತಿ ಮಂಗಳವಾರ ಬೆಳಿಗ್ಗೆ ತಂಡ ಸೇರುತ್ತಿತ್ತು. ಶ್ವಾಸಕೋಶ ತಜ್ಞ ಡಾ. ಜಯಸಿಂಹ ತಂಡದ ಮುಖ್ಯಸ್ಥರು. ಪಡಿಯುಸಿರುಗಳನ್ನು ಕಟ್ಟುವ ಇಂಜಿನಿಯರ್ ಸಿಂಚನ, ಉಸಿರಾಟದ ವ್ಯಾಯಾಮ ಕಲಿಸುವವರು, ಔಷಧಿ ನೋಡಿಕೊಳ್ಳುವವರು, ಇವರೆಲ್ಲರ ಜೊತೆಗೆ ಮನೆಮನೆಗೆ ಹೋಗಿ ಬರುವ ನರ್ಸ್ ನಸೀಮಾ. ಆ ಮಂಗಳವಾರ ಪರದೆಯ ಮೇಲೆ ಗಂಗರತ್ನಳ ಹೆಸರಿತ್ತು.

"ಆರು ತಿಂಗಳಲ್ಲಿ ನಾಲ್ಕನೇ ಸಲ ತುರ್ತು ಘಟಕಕ್ಕೆ ಬಂದಿದ್ದಾರೆ. ಪಡಿಯುಸಿರು ಏನು ಹೇಳತ್ತೆ?" ಎಂದು ಜಯಸಿಂಹ ಕೇಳಿದರು.

"ಅವರ ಮನೆ ಗಾಳಿ, ನಾವು ಕೊಟ್ಟಿರೋ ಔಷಧಿ, ಎರಡನ್ನೂ ಹಾಕಿದ್ರೆ ಪ್ರತಿ ಚೆನ್ನಾಗಿದೆ ಸಾರ್. ಅವರೂ ಚೆನ್ನಾಗಿರಬೇಕಿತ್ತು," ಎಂದಳು ಸಿಂಚನ. "ಔಷಧಿ ಒಳಗೆ ಹೋಗ್ತಿಲ್ಲ ಅನ್ಸತ್ತೆ. ಇನ್‌ಹೇಲರ್ ಒತ್ತಿ ಗಾಳಿಗೆ ಬಿಡ್ತಿರಬಹುದು."

ಪಡಿಯುಸಿರಿನ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ಔಷಧಿ ಸೇವನೆ: ಅನುಮಾನ' ಎಂದು ಬಿದ್ದಿತ್ತು. ಆ ಕೆಂಪು ಗುರುತು ಬಿದ್ದವರಿಗೆ ತಿಂಗಳಿಗೊಮ್ಮೆ ಕೊಡುವ ಹೊಸ ಚುಚ್ಚುಮದ್ದು ಸಿಗುತ್ತಿರಲಿಲ್ಲ. ಮನೆಯಲ್ಲಿ ಕೊಟ್ಟ ಔಷಧಿಯನ್ನೇ ತೆಗೆದುಕೊಳ್ಳದವರಿಗೆ ಅದನ್ನು ಕೊಡುವುದು ಹೇಗೆ ಎಂಬುದು ನಿಯಮ ಮಾಡಿದವರ ಯೋಚನೆ. ಚುಚ್ಚುಮದ್ದಿಗೆ ಕಾಯುತ್ತಿದ್ದವರ ಪಟ್ಟಿಯಲ್ಲಿ ಗಂಗರತ್ನಳ ಹೆಸರು ಮೂರನೆಯದಾಗಿತ್ತು. ಜಯಸಿಂಹ ಅದನ್ನು ತೆಗೆಯಲು ಹೊರಟರು.

"ಸಾರ್, ಅವರ ಮುಖ ನೋಡಿದ್ದೀರಲ್ಲ," ಎಂದಳು ನಸೀಮಾ. "ಮೂರು ವರ್ಷದಲ್ಲಿ ಹೇಗೆ ಊದಿಕೊಂಡಿದೆ. ಸ್ಟೀರಾಯ್ಡ್ ಮಾತ್ರೆ ನುಂಗದೇ ಇರೋರ ಮುಖ ಹಾಗೆ ದಪ್ಪ ಆಗಲ್ಲ. ಒಂದು ವಾರ ಟೈಮ್ ಕೊಡಿ, ನಾನು ಮನೆಗೆ ಹೋಗಿ ಬರ್ತೀನಿ."

ಜಯಸಿಂಹ ಹೆಸರನ್ನು ಪಟ್ಟಿಯಲ್ಲೇ ಬಿಟ್ಟು, "ಒಂದು ವಾರ," ಎಂದರು.

ನಸೀಮಾ ಹೋದಾಗ ಗಂಗರತ್ನ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ನಲವತ್ತನಾಲ್ಕರ ಹೆಂಗಸು, ಆಸ್ಪತ್ರೆಯಲ್ಲಿ ಕಂಡಿದ್ದಕ್ಕಿಂತ ಮನೆಯಲ್ಲಿ ಚಿಕ್ಕವಳಂತೆ ಕಂಡಳು. ಗಂಡ ಮುನಿರಾಜು ಡೈರಿಯ ಹಾಲಿನ ಟ್ಯಾಂಕರ್ ಓಡಿಸುವವನು, ಬರುವುದು ರಾತ್ರಿ ಎಂಟಕ್ಕೆ. ಮನೆಯಲ್ಲಿದ್ದದ್ದು ಅತ್ತೆ ಅಕ್ಕಯಮ್ಮ ಮಾತ್ರ.

ಬಂದ ವಿಷಯವನ್ನು ನಸೀಮಾ ಎಷ್ಟು ಮೆತ್ತಗೆ ಹೇಳಿದರೂ ಅದು ಮೆತ್ತಗಾಗಲಿಲ್ಲ.

"ತಗೊಳ್ಳಲ್ವಾ?" ಅಕ್ಕಯಮ್ಮ ಎದ್ದು ನಿಂತರು. "ಎರಡೊತ್ತೂ ನಾನೇ ಎದುರಿಗೆ ಕೂತು ನೋಡ್ತೀನಿ ಕಣಮ್ಮ. ಬಾಯಿಗಿಟ್ಟು ಎಳ್ಕೊಂಡು, ಹತ್ತು ಎಣಿಸಿ ಬಿಡ್ತಾಳೆ. ಎಣಿಸೋಳು ನಾನು. ನಿಮ್ ಮಿಷಿನ್ ಯಾರನ್ನ ಕೇಳಿ ಹಂಗಂತು?"

ಆಮೇಲೆ ಅವರು ಮನೆಯಲ್ಲಿ ಏನೇನು ಬಿಟ್ಟರೆಂದು ಒಂದೊಂದಾಗಿ ಹೇಳಿದರು. ಕೇಂದ್ರದವರು ಮನೆಯದೇ ತೊಂದರೆ ಎಂದ ಮೇಲೆ ಧೂಪ ಹಾಕುವುದನ್ನು ಬಿಟ್ಟಿದ್ದರು. ಒಣಮೆಣಸಿನಕಾಯಿಯ ಒಗ್ಗರಣೆ ನಿಂತು ವರ್ಷವಾಗಿತ್ತು. ಹತ್ತಿಯ ಹಾಸಿಗೆ, ಕಂಬಳಿಗಳನ್ನು ಕೊಟ್ಟುಬಿಟ್ಟಿದ್ದರು. ಕೊನೆಗೆ ಹಸುವನ್ನೂ ಅಕ್ಕಯಮ್ಮನ ತಮ್ಮನ ಮನೆಗೆ ಕಳಿಸಿದ್ದರು. ಅದು ಹೋದ ದಿನ ತಾನು ಊಟ ಮಾಡಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ; ಗಂಗರತ್ನ ಹೇಳಿದಳು.

"ಮನೇದೇ ತೊಂದ್ರೆ ಅಂತ ಯಾಕೆ ಅಂದ್ಕೊಂಡ್ರಿ?" ಎಂದು ನಸೀಮಾ ಕೇಳಿದಳು.

"ನೀವೇ ಅಂದಿದ್ದು ಸಿಸ್ಟರ್. ಉಸಿರು ಕಟ್ಟೋದು ಸಾಯಂಕಾಲ ಆರು, ಏಳು ಗಂಟೆಗೆ, ಮನೇಲಿದ್ದಾಗ. ನಮ್ಮಕ್ಕನ ಮಗಳ ಮದ್ವೆಗೆ ಅಂತ ಮಾಲೂರಲ್ಲಿ ಹತ್ತು ದಿನ ಇದ್ದೆ, ಒಂದಿನಾನೂ ಏನೂ ಆಗ್ಲಿಲ್ಲ. ಅದಕ್ಕೆ ಮನೆ ಅಂದ್ರು."

ನಸೀಮಾ ರಕ್ತ ತೆಗೆದುಕೊಳ್ಳಲು ಅವಳ ತೋಳಿಗೆ ಪಟ್ಟಿ ಬಿಗಿದಳು. ಚರ್ಮ ಕಾಗದದಷ್ಟು ತೆಳ್ಳಗಾಗಿತ್ತು, ಅಲ್ಲಲ್ಲಿ ನೇರಳೆ ಕಲೆಗಳು. ಗಂಗರತ್ನ ಅಷ್ಟು ಹೊತ್ತೂ ತಗ್ಗಿಸಿಕೊಂಡಿದ್ದ ಮುಖವನ್ನು ಮೇಲೆತ್ತಿದಳು.

"ನಾನು ದಿನಾ ಸೂಕ್ಷ್ಮದರ್ಶಕ ನೋಡೋಳು ಸಿಸ್ಟರ್. ಹತ್ತೊಂಬತ್ತು ವರ್ಷ ಆಯ್ತು. ಚಿಟ್ಟೆಗೆ ರೋಗ ಐತೆ ಅಂತ ಅನುಮಾನ ಬಂದು, ಸ್ಲೈಡಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ಚಿಟ್ಟೆ ಸುಳ್ಳು ಹೇಳ್ತೈತೆ ಅನ್ನಲ್ಲ ನಾನು. ಇನ್ನೊಂದು ಸ್ಲೈಡ್ ಮಾಡ್ತೀನಿ."

ನಸೀಮಾಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. "ಚಿಟ್ಟೆ ಅಂದ್ರಾ?"

"ರೇಷ್ಮೆ ಚಿಟ್ಟೆ. ಬಿತ್ತನೆ ಕೋಠಿಲಿ ಅಲ್ವಾ ನನ್ನ ಕೆಲ್ಸ."

ಸೊಣ್ಣೇಕುಂಟೆಯ ಬಿತ್ತನೆ ಕೋಠಿ ರೈತರಿಗೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಖಾಸಗಿ ಸಂಸ್ಥೆ. ಅಲ್ಲಿ ಗೂಡಿನಿಂದ ಹೊರಬಂದ ಚಿಟ್ಟೆಗಳನ್ನು ಜೋಡಿ ಮಾಡಿ ಮೊಟ್ಟೆ ಇಡಿಸುತ್ತಾರೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಒಣಗಿಸಿ, ಅರೆದು, ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗದ ಕಣಗಳಿವೆಯೇ ಎಂದು ನೋಡುವುದು ಗಂಗರತ್ನಳ ಕೆಲಸ. ಒಂದು ಕಣ ಕಂಡರೂ ಆ ಮೊಟ್ಟೆಗಳನ್ನೆಲ್ಲ ಸುಡಬೇಕು. ಇದ್ದ ಕಣ ಕಣ್ತಪ್ಪಿ ಹೋದರೆ ಎಷ್ಟೋ ಮನೆಗಳ ಹುಳು ಸಾಯುತ್ತವೆ.

ನಸೀಮಾ ಮಡಿಲಲ್ಲಿದ್ದ ಟ್ಯಾಬ್ ತೆರೆದು ಗಂಗರತ್ನಳ ದಾಖಲೆ ನೋಡಿದಳು. ಕೆಲಸ ಎಂಬಲ್ಲಿ ಎರಡೇ ಪದಗಳಿದ್ದವು: ಲ್ಯಾಬ್ ಟೆಕ್ನಿಷಿಯನ್.

ರಕ್ತದ ವರದಿ ಮರುದಿನವೇ ಬಂತು. ಮಾತ್ರೆಯ ಅಂಶ ಎಷ್ಟಿರಬೇಕೋ ಅಷ್ಟೇ ಇತ್ತು. ಕೇಂದ್ರದ ಎರಡನೇ ಮಹಡಿಯಲ್ಲಿ ಸಿಂಚನ ಅದನ್ನು ಎರಡು ಸಲ ಓದಿದಳು. ಕೋಠಿಯ ವಿಷಯವನ್ನು ನಸೀಮಾ ಅಷ್ಟರಲ್ಲಿ ಹೇಳಿದ್ದಳು.

"ಲ್ಯಾಬ್ ಅಂತ ಇದ್ದಿದ್ದಕ್ಕೆ ಕೆಲಸದ ಜಾಗದ ಗಾಳಿ ಶುದ್ಧ ಅಂತ ಪಡಿಯುಸಿರೇ ತಗೊಂಡಿದೆ," ಎಂದಳು. "ದಿನದಲ್ಲಿ ಒಂಬತ್ತು ಗಂಟೆ ಪ್ರತಿ ಉಸಿರಾಡ್ತಿರೋದು ಇಲ್ಲದೇ ಇರೋ ಗಾಳಿನ."

"ಆದರೆ ಉಸಿರು ಕಟ್ಟೋದು ಸಂಜೆ," ಎಂದರು ಜಯಸಿಂಹ. ಅಷ್ಟು ಹೇಳಿದ ಮೇಲೆ ಅವರಿಗೇ ಉತ್ತರ ಹೊಳೆಯಿತು. ಕೆಲವರ ಮೈ ಬೆಳಿಗ್ಗೆ ತಗುಲಿದ ಧೂಳಿಗೆ ಆಗಲೇ ಪ್ರತಿಕ್ರಿಯೆ ತೋರುವುದಿಲ್ಲ. ಎಂಟು ಹತ್ತು ಗಂಟೆ ಕಾದು, ಆ ಧೂಳಿನ ನೆನಪೇ ಹೋದ ಹೊತ್ತಿಗೆ ಶ್ವಾಸನಾಳಗಳು ಊದಿಕೊಳ್ಳುತ್ತವೆ. ಅವರು ಇದನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಪಾಠ ಮಾಡಿದ್ದರು. ದಾಖಲೆಯ ಕೆಳಗೆ ಅದನ್ನು ಬರೆದವರ ಹೆಸರಿತ್ತು. ಅದು ಅವರದೇ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕನ್ನಡಕ ತೆಗೆದರು.

"ನಾಳೆ ಗಾಳಿಡಬ್ಬಿ ತಗೊಂಡು ಹೋಗಿ ನಸೀಮಾ. ಅವರು ಉಸಿರಾಡೋ ಗಾಳಿ ಬೇಕು ನಮಗೆ."

ಮರುದಿನ ಬೆಳಗಿನ ಏಳಕ್ಕೆ ನಸೀಮಾ ಕೋಠಿಯಲ್ಲಿದ್ದಳು. ಚಿಟ್ಟೆಗಳು ಗೂಡು ಬಿಟ್ಟು ಹೊರಬರುವ ಹೊತ್ತು ಅದು. ಉದ್ದನೆಯ ಹಾಲ್‌ನಲ್ಲಿ ಸಾಲು ಸಾಲು ತಟ್ಟೆಗಳು, ತಟ್ಟೆಗಳ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಿದ್ದವು. ಹಾರಲಾರದ ಸಾವಿರಾರು ರೆಕ್ಕೆಗಳ ಸದ್ದು ದೂರದಲ್ಲಿ ಮಳೆ ಬಂದಂತಿತ್ತು. ಹೆಂಗಸರು ಗಂಡು ಹೆಣ್ಣು ಬೇರೆ ಮಾಡುತ್ತಾ ಕೈಯಾಡಿಸಿದ ಹಾಗೆಲ್ಲ ರೆಕ್ಕೆಗಳಿಂದ ಹುಡಿ ಏಳುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಅದು ತೇಲುವುದು ಕಾಣುತ್ತಿತ್ತು. ನಸೀಮಾ ಮಾಸ್ಕ್ ಹಾಕಿಕೊಂಡಿದ್ದಳು. ಅಲ್ಲಿ ಬೇರೆ ಯಾರೂ ಹಾಕಿಕೊಂಡಿರಲಿಲ್ಲ.

ಗಂಗರತ್ನಳ ಪುಟ್ಟ ಕೋಣೆ ಆ ಹಾಲ್‌ಗೆ ಅಂಟಿಕೊಂಡೇ ಇತ್ತು. ನಡುವಿನ ಬಾಗಿಲಿಗೆ ಪರದೆ ಮಾತ್ರ. ಅವಳು ಒಣಗಿದ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಹಾಕಿ ಅರೆಯುವಾಗ ಬೂದಿಯಂಥ ಪುಡಿ ಮೂಗಿನ ಮಟ್ಟಕ್ಕೆ ಏಳುತ್ತಿತ್ತು. ಒಂದು ಹನಿ ದ್ರಾವಣ, ಒಂದು ಗಾಜು, ಕಣ್ಣು ಕೆಳಗೆ. ಒಂದು ಸ್ಲೈಡಿಗೆ ಅರ್ಧ ನಿಮಿಷ.

"ನೋಡಿ ಸಿಸ್ಟರ್," ಎಂದು ಜಾಗ ಬಿಟ್ಟುಕೊಟ್ಟಳು. "ಹೊಳೀತಾ ಇರೋದು ಕೊಬ್ಬಿನ ಹನಿ. ಗಂಟುರೋಗದ್ದು ಮೊಟ್ಟೆ ಆಕಾರದಲ್ಲಿರ್ತೈತೆ, ನಿಂತಲ್ಲೇ ನಡುಗ್ತೈತೆ. ಹೊಸಬ್ರಿಗೆ ಎರಡೂ ಒಂದೇ ಥರ ಕಾಣ್ತೈತೆ."

ನಸೀಮಾಳಿಗೂ ಎರಡೂ ಒಂದೇ ಥರ ಕಂಡವು. ತನ್ನ ಕೆಲಸವನ್ನು ಕೇಳಿ ತಿಳಿಯಲು ಒಬ್ಬರು ಬಂದಿದ್ದಾರೆ ಎಂಬ ಖುಷಿಗೆ ಗಂಗರತ್ನ ಅವಳನ್ನು ಹಾಲ್‌ಗೂ ಕರೆದುಕೊಂಡು ಹೋಗಿ, ಜೋಡಿ ಬಿಡಿಸುವುದನ್ನು, ಮೊಟ್ಟೆ ಹಾಳೆಗಳನ್ನು, ಚಿಟ್ಟೆ ಒಣಗಿಸುವ ಪೆಟ್ಟಿಗೆಯನ್ನು ತೋರಿಸಿದಳು. ಪೆಟ್ಟಿಗೆಯ ಬಾಗಿಲು ತೆರೆದಾಗ ಇಬ್ಬರ ಮುಖಕ್ಕೂ ಹುಡಿ ರಾಚಿತು. ಹಾಲ್‌ನಲ್ಲಿ ಐವತ್ತು ದಾಟಿದ ಪಾರ್ವತಮ್ಮ ಎಂಬಾಕೆ ಕೆಮ್ಮುತ್ತಲೇ ಕೆಲಸ ಮಾಡುತ್ತಿದ್ದಳು. ಕೇಳಿದ್ದಕ್ಕೆ, "ಹಳೇ ಕೆಮ್ಮು ಕಣಮ್ಮ, ಬಿಡಿ," ಎಂದಳು.

ಹತ್ತು ಗಂಟೆಗೆ ಗಾಳಿಡಬ್ಬಿಯ ಶೋಧಕ ಹಾಳೆ ಬೂದು ಬಣ್ಣಕ್ಕೆ ತಿರುಗಿತ್ತು. ನಸೀಮಾ ಅದನ್ನು ಮುಚ್ಚಿ ಕೇಂದ್ರಕ್ಕೆ ಹೊರಟಳು.

ಉಳಿಸಿಟ್ಟಿದ್ದ ಗಂಗರತ್ನಳ ರಕ್ತವನ್ನು ಆ ಹುಡಿಯೊಂದಿಗೆ ಪರೀಕ್ಷಿಸಿದಾಗ ಬಂದ ಅಂಕಿ ಅಳತೆಯ ಪಟ್ಟಿಯನ್ನೇ ಮೀರಿತ್ತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಸಿಂಚನ ಆ ಬೆಳಗಿನ ಗಾಳಿಯನ್ನು ಪಡಿಯುಸಿರಿಗೆ ಉಣಿಸಿದಳು. ಪಡಿಯುಸಿರಿಗೆ ಹನ್ನೆರಡು ಗಂಟೆಯ ಉಸಿರು ಅಂದರೆ ನಾಲ್ಕು ನಿಮಿಷ. ಮೊದಲ ಮೂರು ನಿಮಿಷ ಏನೂ ಆಗಲಿಲ್ಲ. ಪರದೆಯ ಮೇಲಿನ ತಿಳಿಗೆಂಪು ಕವಲುಗಳು ಎಂದಿನಂತೆ ಹಿಗ್ಗಿ ಕುಗ್ಗುತ್ತಿದ್ದವು. ಆಮೇಲೆ ತುದಿಯ ಸಣ್ಣ ಕವಲುಗಳು ಒಂದೊಂದಾಗಿ ಕಪ್ಪಾಗತೊಡಗಿದವು. ಕಪ್ಪು ನಡುವಿನ ಕೊಂಬೆಗಳಿಗೆ ಬಂತು. ನಸೀಮಾ ಹನ್ನೊಂದು ವರ್ಷದಿಂದ ರೋಗಿಗಳ ಎದೆಗೆ ಕಿವಿಯಿಟ್ಟವಳು. ಸದ್ದೇ ಇಲ್ಲದೆ ಉಸಿರುಗಟ್ಟುವುದನ್ನು ಅವಳು ನೋಡಿದ್ದು ಅದೇ ಮೊದಲು.

"ಎಷ್ಟು ಗಂಟೆಗೆ ಇದು?" ಎಂದು ಜಯಸಿಂಹ ಕೇಳಿದರು.

"ಆರೂನಲವತ್ತು," ಎಂದಳು ಸಿಂಚನ. "ಇವತ್ತು ಸಾರ್. ಇದು ಇವತ್ತಿಂದೇ ಗಾಳಿ. ಹಿಂದಿನ ನಾಲ್ಕು ಸಲಕ್ಕಿಂತ ಜಾಸ್ತಿ ಇದೆ."

ಯಾಕೆ ಜಾಸ್ತಿ ಎಂಬುದು ನಸೀಮಾಳಿಗೆ ಗೊತ್ತಿತ್ತು. ದಿನವೂ ತನ್ನ ಕೋಣೆಯಲ್ಲೇ ಇರುತ್ತಿದ್ದ ಗಂಗರತ್ನ ಇವತ್ತು ನಸೀಮಾಳಿಗೆ ತೋರಿಸಲೆಂದು ಒಂದು ಗಂಟೆ ಹಾಲ್‌ನಲ್ಲಿ ಕಳೆದಿದ್ದಳು. ಆಗ ಗಂಟೆ ನಾಲ್ಕು ಹತ್ತು. ನಸೀಮಾ ಫೋನ್ ಕೈಗೆತ್ತಿಕೊಂಡೇ ಆಂಬುಲೆನ್ಸಿನ ಕಡೆಗೆ ಓಡಿದಳು.

ಐದೂಕಾಲಿಗೆ ಆಂಬುಲೆನ್ಸ್ ಮನೆಯ ಮುಂದೆ ನಿಂತಾಗ ಗಂಗರತ್ನ ಒಲೆಯ ಮುಂದೆ ನಿಂತು ರಾಗಿ ಹಿಟ್ಟು ತಿರುವುತ್ತಿದ್ದಳು. ಫೋನಿನಲ್ಲಿ ಹೇಳಿದ್ದನ್ನು ಅವಳು ನಂಬಿರಲಿಲ್ಲ.

"ನನಗೇನೂ ಆಗಿಲ್ವಲ್ಲ ಸಿಸ್ಟರ್. ಉಸಿರು ಚೆನ್ನಾಗೈತೆ. ನೋಡಿ, ಮಾತಾಡ್ತಿದ್ದೀನಿ. ಮೊನ್ನೆ ಔಷಧಿ ತಗೊಳ್ಳಲ್ಲ ಅಂದ ಮಿಷಿನ್ ಮಾತು ಕೇಳಿ ಇವತ್ತು ಆಸ್ಪತ್ರೆಗೆ ಬರ್ಲಾ?"

ನಸೀಮಾ ಅವಳ ತೋಳು ಹಿಡಿದಳು. "ಮಿಷಿನ್ ಮಾತು ಬೇಡ ಅಕ್ಕ. ನಾನು ಹೇಳ್ತಿದ್ದೀನಿ. ಬೆಳಿಗ್ಗೆ ನೀವು ತೋರಿಸಿದ್ದನ್ನೆಲ್ಲ ನಾನು ನೋಡಿದ್ದೀನಿ. ಏನೂ ಆಗದೇ ಹೋದ್ರೆ ಒಂಬತ್ತಕ್ಕೆ ನಾನೇ ಮನೆಗೆ ತಂದು ಬಿಡ್ತೀನಿ."

"ಹಿಟ್ಟು ಒಲೆ ಮೇಲೈತೆ..."

ಅಕ್ಕಯಮ್ಮ ಸೊಸೆಯ ಕೈಯಿಂದ ಕೋಲು ಕಿತ್ತುಕೊಂಡರು. "ನಾನೇನು ಮುದ್ದೆ ಕಟ್ದೇ ಇರೋಳಾ? ನಡಿ ನೀನು. ಮುನಿರಾಜುಗೆ ನಾನು ಹೇಳ್ತೀನಿ."

ಆರೂ ಇಪ್ಪತ್ತಕ್ಕೆ, ಆಂಬುಲೆನ್ಸ್ ಕೇಂದ್ರದ ದಾರಿಯಲ್ಲಿರುವಾಗ, ಪಡಿಯುಸಿರು ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮೊದಲೇ, ಗಂಗರತ್ನ ಮಾತಿನ ನಡುವೆ ಕೆಮ್ಮಿದಳು. ಎರಡನೇ ಕೆಮ್ಮಿಗೆ ಎದ್ದು ಕೂತಳು. ಮೂರು ನಿಮಿಷದಲ್ಲಿ ಎದೆಯ ಸಿಳ್ಳೆ ಆಂಬುಲೆನ್ಸಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ನಸೀಮಾ ಆಮ್ಲಜನಕ ಏರಿಸಿದಳು, ನೆಬ್ಯುಲೈಜರ್ ಇಟ್ಟಳು, ಮೊದಲೇ ಸಿಕ್ಕಿಸಿಟ್ಟಿದ್ದ ಸೂಜಿಗೆ ಡ್ರಿಪ್ ಹಚ್ಚಿದಳು. ಫೋನಿನಲ್ಲಿ ಜಯಸಿಂಹ ಒಂದೊಂದೇ ಔಷಧಿ ಹೇಳುತ್ತಿದ್ದರು. ಆಮೇಲೆ ಸಿಳ್ಳೆ ನಿಂತಿತು. ಸಿಳ್ಳೆ ನಿಲ್ಲುವುದೆಂದರೆ ಒಳಗೆ ಗಾಳಿಯೇ ಆಡುತ್ತಿಲ್ಲ ಎಂದರ್ಥ. ಗಂಗರತ್ನಳ ತುಟಿ ನೀಲಿಗಟ್ಟಿತು. ಅವಳು ನಸೀಮಾಳ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಐದು ಬೆರಳಿನ ಗುರುತು ಎರಡು ದಿನ ಉಳಿದಿತ್ತು.

"ಒಳಗೆ ಎಳೀಬೇಡಿ ಅಕ್ಕ. ಹೊರಗೆ ಬಿಡಿ. ಬರೀ ಹೊರಗೆ ಬಿಡಿ. ಇನ್ನು ಸ್ವಲ್ಪ," ಎಂದು ನಸೀಮಾ ಅವಳ ಕಿವಿಯ ಹತ್ತಿರ ಬಾಗಿ ಒಂದೇ ಸಮನೆ ಹೇಳುತ್ತಿದ್ದಳು. ಕೇಂದ್ರದ ಗೇಟಿನಲ್ಲಿ ತಂಡ ಕಾಯುತ್ತಾ ನಿಂತಿತ್ತು.

ಒಂದೂವರೆ ದಿನ ಯಂತ್ರ ಅವಳ ಪರವಾಗಿ ಉಸಿರಾಡಿತು. ಐದನೆಯ ದಿನ ಅವಳು ಎದ್ದು ಕೂತು ಇಡ್ಲಿ ತಿಂದಳು. ಮುನಿರಾಜು ಯೂನಿಫಾರ್ಮಿನಲ್ಲೇ ಮಂಚದ ಪಕ್ಕ ಕೂತಿದ್ದ. ಜಯಸಿಂಹ ಬಂದು ಕುರ್ಚಿ ಎಳೆದುಕೊಂಡರು.

"ತಪ್ಪು ನನ್ನದು," ಎಂದರು. "ನೀವು ಮೈಕ್ರೋಸ್ಕೋಪ್ ನೋಡ್ತೀನಿ ಅಂದ್ರಿ, ನಾನು ಲ್ಯಾಬ್ ಅಂತ ಬರೆದೆ. ಎಲ್ಲಿ, ಏನು ಅಂತ ಕೇಳಲಿಲ್ಲ. ಮೂರು ವರ್ಷ ನಿಮ್ಮ ಮನೆಯನ್ನ ಬೈದ್ವಿ, ಕೊನೆಗೆ ನಿಮ್ಮನ್ನೇ ಅನುಮಾನಿಸಿದ್ವಿ."

ಡಾಕ್ಟರೊಬ್ಬರು ಹೀಗೆ ಮಾತಾಡುವುದನ್ನು ಗಂಗರತ್ನ ಕೇಳಿರಲಿಲ್ಲ. "ಅದನ್ನ ನಾನು ನೋಡಬಹುದಾ ಸಾರ್?" ಎಂದಳು. "ನನ್ನ ಪ್ರತಿನ."

ಜಯಸಿಂಹ, ಮುನಿರಾಜು ಅವಳನ್ನು ಗಾಲಿಕುರ್ಚಿಯಲ್ಲಿ ಎರಡನೇ ಮಹಡಿಗೆ ಕರೆದೊಯ್ದರು. ಸಿಂಚನ ಮೊದಲು ಹಳೆಯದನ್ನು ತೋರಿಸಿದಳು, ಶುದ್ಧ ಗಾಳಿಯಲ್ಲಿ ನೆಮ್ಮದಿಯಾಗಿ ಉಸಿರಾಡುತ್ತಿದ್ದುದನ್ನು. ಆಮೇಲೆ ಕೋಠಿಯ ಗಾಳಿ ಹಾಕಿದಳು. ಗಂಗರತ್ನ ಸೂಕ್ಷ್ಮದರ್ಶಕಕ್ಕೆ ಬಾಗುವಂತೆಯೇ ಮುಂದಕ್ಕೆ ಬಾಗಿ, ರೆಪ್ಪೆ ಬಡಿಯದೆ ನೋಡಿದಳು. ಕವಲುಗಳು ಕಪ್ಪಾಗುತ್ತಾ ಬಂದವು.

"ಇದು ನಾನೇ," ಎಂದಳು ಮೆಲ್ಲಗೆ. "ಹಿಂಗೇ ಆಗೋದು ನನಗೆ. ಇಷ್ಟು ವರ್ಷ ಹೇಳಕ್ಕೆ ಬರ್ತಿರ್ಲಿಲ್ಲ." ಮತ್ತೆ ಒಂದು ಗಳಿಗೆ ನೋಡಿ, ಸಿಂಚನಳ ಕಡೆ ತಿರುಗಿದಳು. "ಸಾಕು ಕಣಮ್ಮ. ಅದಕ್ಕೂ ಒಂದಿಷ್ಟು ಔಷಧಿ ಕೊಡು."

ಅದು ಬರೀ ಲೆಕ್ಕ ಎಂದು ಸಿಂಚನ ಹೇಳಬಹುದಿತ್ತು. ಹೇಳಲಿಲ್ಲ. ಔಷಧಿಯ ಗುಂಡಿ ಒತ್ತಿದಳು. ಕವಲುಗಳು ತಿಳಿಗೆಂಪಿಗೆ ತಿರುಗುವವರೆಗೂ ನಾಲ್ವರೂ ಅಲ್ಲೇ ಕೂತಿದ್ದರು.

ಕಷ್ಟದ ಮಾತು ಬಂದದ್ದು ಡಿಸ್ಚಾರ್ಜಿನ ಹಿಂದಿನ ದಿನ. ಚಿಟ್ಟೆಯ ಹುಡಿ ಇರುವ ಜಾಗಕ್ಕೆ ಇನ್ನು ಕಾಲಿಡಕೂಡದು ಎಂದರು ಜಯಸಿಂಹ. ಇನ್ನೊಂದು ಸಲ ಹೀಗಾದರೆ ಆಂಬುಲೆನ್ಸ್ ಮೊದಲೇ ಬಂದರೂ ಸಾಲದಿರಬಹುದು.

"ಹತ್ತೊಂಬತ್ತು ವರ್ಷದಲ್ಲಿ ನಾನು ಪಾಸ್ ಮಾಡಿದ ಮೊಟ್ಟೆಯಿಂದ ಒಂದ್ಸಲಾನೂ ಗಂಟುರೋಗ ಬಂದಿಲ್ಲ ಸಾರ್," ಎಂದಳು ಗಂಗರತ್ನ. ಮುನಿರಾಜು ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು. "ಬಿಡ್ತೀನಿ. ಆದ್ರೆ ನನ್ನ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸ್ತಾರೆ. ಅವ್ರಿಗೂ ಎದೆ ಐತಲ್ಲ."

ಮುಂದಿನ ಮಂಗಳವಾರದ ಸಭೆಗೆ ಇಬ್ಬರು ಹೆಚ್ಚಾಗಿ ಬಂದರು. ಒಬ್ಬಳು ಗಂಗರತ್ನ. ಇನ್ನೊಬ್ಬರು ಕೋಠಿಯ ಮ್ಯಾನೇಜರ್ ವೆಂಕಟಾಚಲಪತಿ, ಜಯಸಿಂಹರ ಮೂರು ಫೋನಿನ ನಂತರ ಬಂದವರು. ಕೆಟ್ಟ ಮನುಷ್ಯರಲ್ಲ, ಇಡೀ ಕೋಠಿಯ ಮೇಲೆ ದೂರು ಬಂತೆಂದು ಹೆದರಿದ್ದರು.

"ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ ಡಾಕ್ಟ್ರೆ. ಇವರೊಬ್ಬರ ಮೈಗೆ ಒಗ್ಗಿಲ್ಲ, ಅಷ್ಟೇ."

"ಆಗೈತೆ ಸಾರ್," ಎಂದಳು ಗಂಗರತ್ನ. ಮ್ಯಾನೇಜರರ ಎದುರು ಅವಳು ಹಾಗೆ ಮಾತಾಡಿದ್ದೇ ಮೊದಲು. "ಹೂವಮ್ಮ ಯಾಕೆ ಬಿಟ್ಳು? ಉಬ್ಬಸ ಅಂತ. ಜಬೀನಾ? ಮೇಲಿನ ಬೀದಿ ನಾಗಣ್ಣ? ಆದೋರೆಲ್ಲ ಬಿಟ್ಟು ಹೋದ್ರು. ಉಳಿದೋರನ್ನ ಮಾತ್ರ ನೋಡಿ, ಏನೂ ಆಗಿಲ್ಲ ಅಂತಿದ್ದೀವಿ ನಾವು."

ಜಯಸಿಂಹ ಆ ಮೂರು ಹೆಸರುಗಳನ್ನು ಬರೆದುಕೊಂಡರು. ವೆಂಕಟಾಚಲಪತಿ ನೀರು ಕುಡಿದು ಲೋಟ ಕೆಳಗಿಟ್ಟು, "ಏನು ಮಾಡಬೇಕು ಹೇಳಿ," ಎಂದರು.

ಮಾಡಬೇಕಾದ್ದು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಚಿಟ್ಟೆ ಒಣಗಿಸುವುದು ನಿಂತಿತು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಹಸಿಯಾಗಿರುವಾಗಲೇ, ಕೈಗವಸು ಜೋಡಿಸಿದ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಅರೆಯತೊಡಗಿದರು. ಹಾಲ್‌ಗೆ ಗಾಳಿ ಎಳೆದು ಹೊರಹಾಕುವ ಕೊಳವೆಗಳು ಬಂದವು. ಮಾಸ್ಕ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂಬುದನ್ನು ಎಲ್ಲರೂ ಬೈದುಕೊಂಡೇ ರೂಢಿಸಿಕೊಂಡರು. ಸಿಂಚನ ಮೂರು ವಾರ ಕೋಠಿಗೆ ಓಡಾಡಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂರಿಸಿದಳು. ಗೇಟಿನ ಪಕ್ಕದ, ಹಾಲ್‌ನಿಂದ ದೂರದ ಕೋಣೆಯಲ್ಲಿ ಗಂಗರತ್ನ ದೊಡ್ಡ ಪರದೆಯ ಮುಂದೆ ಕೂತು ಸ್ಲೈಡ್ ನೋಡತೊಡಗಿದಳು. ಮೊದಮೊದಲು ಪರದೆಯ ಮೇಲೆ ಗಂಟುರೋಗದ ನಡುಕ ಸರಿಯಾಗಿ ಕಾಣುತ್ತಿಲ್ಲವೆಂದು ಅವಳು ಸಿಂಚನಳನ್ನು ನಾಲ್ಕು ಸಲ ವಾಪಸ್ ಕರೆಸಿದಳು. ಐದನೆಯ ಸಲ ಒಪ್ಪಿದಳು.

ಅವಳ ಆಸ್ತಮಾ ಹೋಗಲಿಲ್ಲ. ಹತ್ತೊಂಬತ್ತು ವರ್ಷದ ಹುಡಿ ಶ್ವಾಸನಾಳಗಳಲ್ಲಿ ಗಾಯದಂಥ ಗುರುತು ಬಿಟ್ಟಿತ್ತು. ಪೂರ್ತಿ ಮಾಯಲಿಕ್ಕಿಲ್ಲ ಎಂದು ಜಯಸಿಂಹ ಮುಚ್ಚಿಡದೆ ಹೇಳಿದ್ದರು. ಕೆಂಪು ಗುರುತು ಅಳಿಸಿದ ಮೇಲೆ ಹೊಸ ಚುಚ್ಚುಮದ್ದು ಶುರುವಾಯಿತು. ಸ್ಟೀರಾಯ್ಡ್ ಮಾತ್ರೆಯನ್ನು ಇಳಿಸುತ್ತಾ ಇಳಿಸುತ್ತಾ ಎಂಟು ತಿಂಗಳಿಗೆ ನಿಲ್ಲಿಸಿದರು. ನಿಲ್ಲಿಸುವಾಗ ಕೀಲುಗಳೆಲ್ಲ ನೊಂದು ಅವಳು ಅತ್ತಳು. ಆ ವಾರವೆಲ್ಲ ನಸೀಮಾ ದಿನವೂ ಫೋನ್ ಮಾಡಿದಳು. ಮುಖದ ಊತ ಇಳಿಯಿತು. ಸಂಜೆ ಅಕ್ಕಯಮ್ಮ ಎದುರಿಗೆ ಕೂತು ಹತ್ತು ಎಣಿಸುವುದು ಮಾತ್ರ ಮುಂದುವರಿಯಿತು. ಹಸುವನ್ನು ಕರೆತರಬಹುದು ಎಂದು ಕೇಂದ್ರದವರು ಹೇಳಿದಾಗ, ಅದು ಅಲ್ಲಿ ಕರು ಹಾಕಿದೆ, ಈಗ ಬೇಡ ಎಂದರು ಅಕ್ಕಯಮ್ಮ.

ಕೋಠಿಯ ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಮಂದಿ ಪರೀಕ್ಷೆಗೆ ಹೋಗಿ ಬಂದರು. ಏಳು ಜನರಿಗೆ ಹುಡಿ ತಗುಲಿತ್ತು. ಅವರಲ್ಲಿ ಐವರಿಗೆ ಈಗಷ್ಟೇ ಶುರು. ಜಾಗ ಬದಲಿಸಿದರೆ ಪೂರ್ತಿ ಗುಣವಾಗುವ ಹಂತ. ಹೋಗದೆ ಉಳಿದವಳು ಪಾರ್ವತಮ್ಮ. ಗಂಗರತ್ನ ವಾರಕ್ಕೊಂದು ಸಲ ಕೇಳುತ್ತಿದ್ದಳು. ಪಾರ್ವತಮ್ಮ ಒಂದು ಸಲ ಮಳೆ ಎಂದಳು, ಒಂದು ಸಲ ಮಗಳು ಬರುತ್ತಾಳೆ ಎಂದಳು. ಕೊನೆಗೊಂದು ದಿನ ನಿಜ ಹೇಳಿದಳು. "ಐತೆ ಅಂದ್ರೆ ಕಳಿಸಿಬಿಡ್ತಾರೆ ಕಣೇ. ಇಪ್ಪತ್ತೆಂಟು ವರ್ಷ ಈ ಹಾಲಲ್ಲೇ ಕಳ್ದಿದ್ದೀನಿ. ಮನೇಲಿ ಕೂತು ಏನ್ಮಾಡ್ಲಿ?"

ಗಂಗರತ್ನ ಒತ್ತಾಯಿಸಲಿಲ್ಲ. ಕೇಳುವುದನ್ನು ಬಿಡಲೂ ಇಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವಳು ಪರದೆ ಹಚ್ಚಿ ಮೊದಲ ಸ್ಲೈಡ್ ನೋಡುತ್ತಿರುವಾಗ ಬಾಗಿಲಲ್ಲಿ ಪಾರ್ವತಮ್ಮ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ಬ್ಯಾಗಿತ್ತು.

"ನೆನ್ನೆ ಮೊಮ್ಮಗಳ ಹುಟ್ಟಿದಬ್ಬ," ಎಂದಳು. "ಒಂದು ಬಲೂನು ಊದಕ್ಕಾಗ್ಲಿಲ್ಲ ಕಣೇ ರತ್ನ. ಮೂರ್ಸಲ ಊದ್ದೆ. ಮಗು ನನ್ನ ಬಾಯನ್ನೇ ನೋಡ್ತಾ ನಿಂತಿತ್ತು. ಆಮೇಲೆ ಅದೇ ಇಸ್ಕೊಂಡು ಊದ್ತು."

ಗಂಗರತ್ನ ಎದ್ದಳು. ಪರದೆ ಆರಿಸಿ, ಕೋಣೆಗೆ ಬೀಗ ಹಾಕಿ, ಮ್ಯಾನೇಜರಿಗೆ ಫೋನ್ ಮಾಡಿ ಇವತ್ತಿನ ಸ್ಲೈಡುಗಳು ನಾಳೆಗೆ ಎಂದಳು. ಒಂಬತ್ತೂವರೆಯ ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಒಳಗೆ ಎರಡು ಸೀಟು ಖಾಲಿ ಇದ್ದವು. ಪಾರ್ವತಮ್ಮನನ್ನು ಕಿಟಕಿಯ ಕಡೆಗೆ ಕೂರಿಸಿ, ಗಾಜನ್ನು ಪೂರ್ತಿ ಸರಿಸಿ, ಗಂಗರತ್ನ ಅವಳ ಪಕ್ಕದಲ್ಲಿ ಕೂತಳು.

"ನೋಯ್ತೈತೇನೇ?" ಎಂದು ಪಾರ್ವತಮ್ಮ ಕೇಳಿದಳು.

"ಇಲ್ಲ ಕಣಕ್ಕ. ಏನ್ ಕೆಲ್ಸ ಮಾಡ್ತೀಯ ಅಂತ ಕೇಳ್ತಾರೆ. ಇಪ್ಪತ್ತೆಂಟು ವರ್ಷದ್ದೂ ಹೇಳು. ನಾನಿರ್ತೀನಿ."

ಕಂಡಕ್ಟರ್ ಬಂದಾಗ ಗಂಗರತ್ನ ಪಾಲಾರ್ ಕೇಂದ್ರಕ್ಕೆ ಎರಡು ಟಿಕೆಟ್ ಎಂದಳು.